ಮುಖ್ಯ ಸದಸ್ಯೆ

ಬ್ರೂಮ್‌ಹಿಲ್, ಶೆಫೀಲ್ಡ್
17 ಜೂನ್ 2025

ಪ್ರೀತಿಯ ಅತ್ತೆಯವರಿಗೆ,

ವಸುಂಧರೆಯ ಶರಣು. ನಾನು, ಪೂಜಿತಾ, ಕೃತಿ ಮೂವರೂ ಆರೋಗ್ಯವಾಗಿದ್ದೇವೆ. ನಿಮ್ಮ ಮಂಡಿನೋವು ಹೇಗಿದೆ? ಮಾವನವರು ಬಿಪಿ ಮಾತ್ರೆ ತಪ್ಪಿಸುತ್ತಿಲ್ಲ ತಾನೆ? ಮೂರು ಭಾನುವಾರ ನಿಮ್ಮ ಫೋನ್ ಬಂದರೂ ನಾನು ಎತ್ತಲಿಲ್ಲ, ಕ್ಷಮಿಸಿ. ಆಸ್ಪತ್ರೆಯ ಡ್ಯೂಟಿ ಪಾಳಿ ಹಾಗಿತ್ತು ಎಂದು ಬರೆಯಲು ಹೊರಟಿದ್ದೆ. ಅದು ಪೂರ್ತಿ ನಿಜವಲ್ಲ, ಬಿಟ್ಟೆ. ಫೋನಿನಲ್ಲಾದರೆ ನನಗೆ ಅಳು ಬರುತ್ತದೆ, ನೀವು ಇವತ್ತು ಏನಡುಗೆ ಎಂದು ಕೇಳುತ್ತೀರಿ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಈ ಕಾಗದ.

ಮೇ ಕೊನೆಯ ರಜೆಯಲ್ಲಿ ಮಕ್ಕಳನ್ನು ಡರ್ಬಿಶೈರಿನ ಕ್ಯಾಂಪಿಗೆ ಕರೆದುಕೊಂಡು ಹೋಗಿದ್ದೆ. ನೀವು ಬಂದ ವರ್ಷ ಎಲ್ಲರೂ ಹೋಗಿದ್ದೆವಲ್ಲ, ಕ್ಲಬ್ಬಿನ ಸದಸ್ಯರು ಮಾತ್ರ ವ್ಯಾನ್ ನಿಲ್ಲಿಸಿಕೊಂಡು ಅದರಲ್ಲೇ ಉಂಡು ಮಲಗುವ ಜಾಗ, ಅದೇ. ವಿಚ್ಛೇದನವಾದ ಮೇಲೆ ನಮ್ಮ ಪಾಲಿಗೆ ಬಂದ ವ್ಯಾನು ಒಂದು ವರ್ಷದಿಂದ ಮನೆಮುಂದೆ ನಿಂತೇ ಇತ್ತು. ಅಮೃತ್ ನನ್ನ ಜೊತೆಗಿದ್ದಾಗ ನಾನದನ್ನು ಒಮ್ಮೆಯೂ ಓಡಿಸಿರಲಿಲ್ಲ. “ಇದು ನಿನ್ನ ಕೈಲಿ ಆಗಲ್ಲ, ಬಿಡು” ಎನ್ನುತ್ತಿದ್ದರು. ನಾನೂ ಬಿಟ್ಟಿದ್ದೆ. ಈ ಸಲ ಎರಡು ವಾರ, ಡ್ಯೂಟಿ ಇಲ್ಲದ ಬೆಳಗುಗಳಲ್ಲಿ, ಅಂಗಡಿಯೊಂದರ ಖಾಲಿ ಪಾರ್ಕಿಂಗಿನಲ್ಲಿ ಅಭ್ಯಾಸ ಮಾಡಿದೆ. ಹಳೆಯ ಸದಸ್ಯತ್ವದ ನಂಬರು ಹೇಳಿ ಮೂರು ದಿನಕ್ಕೆ ಜಾಗ ಕಾದಿರಿಸಿ ಹೊರಟೆ.

ಕ್ಯಾಂಪಿನ ಗೇಟಿನ ಬಳಿ ಆಫೀಸಿದೆ. ಅಲ್ಲಿನ ಮೇಲ್ವಿಚಾರಕಿ ಜೀನ್, ಅರವತ್ತು ದಾಟಿದ ಹೆಂಗಸು, ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದಳು.

“ಸದಸ್ಯತ್ವ ಡಾಕ್ಟರ್ ಅಮೃತ್ ಅವರದ್ದು. ನಿಮ್ಮ ಹೆಸರೂ ಇತ್ತು, ಮಾರ್ಚಿನಲ್ಲಿ ತೆಗೆಸಿದ್ದಾರೆ. ಅವರು ಜೊತೇಲಿ ಬಂದಿದಾರಾ?”

“ಇಲ್ಲ.”

“ಹಾಗಾದ್ರೆ ನಾನು ಒಳಗೆ ಬಿಡೋ ಹಾಗಿಲ್ಲ, ಲವ್.” ಇಲ್ಲಿಯವರು ಗುರುತಿಲ್ಲದವರನ್ನೂ ಹಾಗೇ ಕರೆಯುತ್ತಾರೆ.

ಹಿಂದೆ ನಾಲ್ಕು ಗಾಡಿಗಳು ಸಾಲುಗಟ್ಟಿದ್ದವು. ಮನೆಯ ಪತ್ರದಿಂದ, ಬ್ಯಾಂಕಿನ ಜಂಟಿ ಖಾತೆಯಿಂದ ನನ್ನ ಹೆಸರು ಹೋದಾಗ ಸಹಿ ಹಾಕಿದವಳು ನಾನೇ. ಇದು ಮಾತ್ರ ನನಗೆ ಹೇಳದೆ ಆಗಿತ್ತು. ಹದಿಮೂರರ ಪೂಜಿತಾ ಇಂಗ್ಲಿಷಿನಲ್ಲಿ, “ಮನೆಗೆ ಹೋಗೋಣ ಮಮ್, ಪ್ಲೀಸ್” ಅಂದಳು. ಕೃತಿಯ ಕಣ್ಣು ತುಂಬಿತ್ತು. ನಾನು ಮೇಜಿನ ಮೇಲಿದ್ದ ವ್ಯಾನಿನ ಬೀಗದಕೈಯನ್ನು ಕೈಗೆ ತೆಗೆದುಕೊಂಡೂ ಆಗಿತ್ತು. ಏನನ್ನಿಸಿತೋ, ಮತ್ತೆ ಅದನ್ನು ಮೇಜಿನ ಮೇಲಿಟ್ಟೆ.

“ನಾನೇ ಈಗ ಸದಸ್ಯೆ ಆಗಬಹುದಾ?”

“ಆಗದೆ ಏನು?” ಜೀನ್ ನಕ್ಕಳು. ಹಿಂದಿನವರಿಗೆ, “ಸ್ವಲ್ಪ ಕಾಯಿರಿ, ಇಲ್ಲಿ ಮುಖ್ಯವಾದ ಕೆಲಸ ನಡೀತಿದೆ” ಎಂದು ಕೂಗಿ ಹೇಳಿದಳು. ಫಾರಂನಲ್ಲಿ ಮುಖ್ಯ ಸದಸ್ಯರು ಎಂಬಲ್ಲಿ ನನ್ನ ಹೆಸರು ಬರೆದೆ. ಸಂಗಾತಿ ಎಂಬಲ್ಲಿ ಗೆರೆ ಎಳೆದೆ. ಗೆರೆ ಸೊಟ್ಟಗಾಯಿತು, ಇರಲಿ.

ಆಮೇಲೆ ನಿಜವಾದ ಪರೀಕ್ಷೆ. ನಮಗೆ ಕೊಟ್ಟ ಜಾಗ ಇಳಿಜಾರಿನಲ್ಲಿತ್ತು. ಎರಡು ಬೇಲಿಗಳ ನಡುವೆ ಹಿಂದಕ್ಕೆ ಓಡಿಸಿ, ಗಾಡಿ ಸಮವಾಗಿ ನಿಲ್ಲಲು ಚಕ್ರಗಳನ್ನು ಪ್ಲಾಸ್ಟಿಕ್ ಬೆಣೆಗಳ ಮೇಲೆ ಹತ್ತಿಸಬೇಕು. ಐದು ಸಲ ತಪ್ಪಿತು. ಪಕ್ಕದ ಗಾಡಿಯ ಯಜಮಾನ ಚಹಾ ಕುಡಿಯುತ್ತ ನೋಡುತ್ತಿದ್ದವನು ಎದ್ದು ಬಂದು, “ನಾನು ಹಾಕಿಕೊಡಲಾ?” ಎಂದ. ಒಳ್ಳೆಯ ಮನುಷ್ಯ. “ಬೇಡ, ಥ್ಯಾಂಕ್ಸ್, ನಾನೇ ಹಾಕ್ತೀನಿ” ಎಂದೆ. ಆರನೆಯ ಸಲಕ್ಕೆ, ಅದುವರೆಗೆ ಮುನಿಸಿಕೊಂಡು ಒಳಗೆ ಕೂತಿದ್ದ ಪೂಜಿತಾ ಕೆಳಗಿಳಿದು ಹಿಂದೆ ಹೋಗಿ ನಿಂತಳು. ಕನ್ನಡಿಯಲ್ಲಿ ಅವಳ ಎರಡೂ ಕೈ ಕಾಣುತ್ತಿದ್ದವು.

“ಬಾ ಅಮ್ಮ, ಬಾ, ಬಾ... ಸಾಕು! ನಿಲ್ಲಿಸು!”

ಕನ್ನಡ, ಅತ್ತೆ! ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ವ್ಯಾನು ನೆಟ್ಟಗೆ ನಿಂತಿತು. ನಾನು ಸ್ಟಿಯರಿಂಗಿಗೆ ಹಣೆ ಹಚ್ಚಿ ಒಂದು ನಿಮಿಷ ಹಾಗೇ ಕೂತಿದ್ದೆ.

ಮಾರನೆಯ ದಿನ ವ್ಯಾನಿನೊಳಗಿನ ಟಾಯ್ಲೆಟ್ಟಿನ ಡಬ್ಬಿ ಎಳೆದುಕೊಂಡು ಹೋಗಿ ನಾನೇ ಖಾಲಿ ಮಾಡಿದೆ. ಹದಿನೆಂಟು ವರ್ಷದ ಡಾಕ್ಟರಿಕೆಯೂ ಆ ವಾಸನೆಗೆ ನನ್ನನ್ನು ತಯಾರು ಮಾಡಿರಲಿಲ್ಲ. ಕೃತಿ ಮೂಗು ಮುಚ್ಚಿಕೊಂಡು ಪಕ್ಕದಲ್ಲಿ ಕುಣಿಯುತ್ತಿದ್ದಳು. ನಿಮ್ಮ ಚಟ್ನಿಪುಡಿ ಹಾಕಿ ಮಂಡಕ್ಕಿ ಕಲಸಿ ಜೀನ್‌ಗೂ ಒಂದು ಬಟ್ಟಲು ಕೊಟ್ಟೆ. ನೀರು ಕುಡಿಕುಡಿದು ಪೂರ್ತಿ ತಿಂದಳು.

ಅಕ್ಟೋಬರ್ ರಜೆಗೂ ಅಲ್ಲೇ ಜಾಗ ಹೇಳಿ ಬಂದಿದ್ದೇನೆ. ಡಿಸೆಂಬರಿನಲ್ಲಿ ಮಕ್ಕಳನ್ನು ನಾನೇ ದಾವಣಗೆರೆಗೆ ಕರೆತರುತ್ತೇನೆ. ಟಿಕೆಟ್ ಆಗಿದೆ, ಈ ಸಲ ಯಾರನ್ನೂ ಕೇಳಲಿಲ್ಲ. ಮಾವನವರಿಗೆ ನನ್ನ ಶರಣು ತಿಳಿಸಿ. ನಿಮ್ಮ ಕೈ ನಮ್ಮ ಮೂವರ ತಲೆಯ ಮೇಲಿರಲಿ.

ನಿಮ್ಮ ಸೊಸೆ,
ವಸು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಧೈರ್ಯ ಸಾಲದೆ ಇಷ್ಟು ದೂರ ಬಂದೆ. ಕ್ಯಾಂಪಿನ ಕೊನೆಯ ಬೆಳಗ್ಗೆ ನಾನು ಉಪ್ಪಿಟ್ಟು ತಿರುವುತ್ತಿದ್ದಾಗ ಕೃತಿಯ ಟ್ಯಾಬಿಗೆ ಅವಳಪ್ಪನ ಎರಡನೆಯ ಮದುವೆಯ ಫೋಟೋ ಬಂತು. ಅಮೃತ್ ಪಕ್ಕದಲ್ಲಿ ಆ ಹುಡುಗಿ, ಅವಳ ಪಕ್ಕದಲ್ಲಿ ನೀವು. ನಾನು ದೀಪಾವಳಿಗೆ ಕಳಿಸಿದ ಹಸಿರು ಇಳಕಲ್ ಸೀರೆ ಉಟ್ಟಿದ್ದೀರಿ. ನೀವು ಹೋಗಲೇಬೇಕಿತ್ತು, ಹೆತ್ತ ತಾಯಿ. ಆದರೆ ಮೇ ತಿಂಗಳಲ್ಲಿ ಮೂರು ಭಾನುವಾರ ನನ್ನ ಜೊತೆ ಮಾವಿನಕಾಯಿ ಉಪ್ಪಿನಕಾಯಿಯ ಮಾತಾಡಿದಿರಿ, ಇದೊಂದು ಹೇಳಲಿಲ್ಲ. ಬೇರೆಯವರ ಬಾಯಿಂದ ಕೇಳಬೇಕಾದವಳು ನಾನಾಗಿದ್ದೆನೇ, ಅತ್ತೆ?

ಕೃತಿ ಫೋಟೋವನ್ನು ದೊಡ್ಡದು ಮಾಡಿ ನಿಮ್ಮ ಮುಖ ನೋಡಿ, “ಇನ್ಮೇಲೆ ಅಜ್ಜಿ ನಮ್ಮ ಅಜ್ಜಿ ಅಲ್ವಾ?” ಎಂದು ಕೇಳಿದಳು. “ನಮ್ಮ ಅಜ್ಜಿನೇ” ಎಂದೆ. ನಿಮ್ಮನ್ನು ಕೇಳದೆ ಕೊಟ್ಟ ಮಾತು. ಈ ಭಾನುವಾರ ನೀವು ಫೋನ್ ಮಾಡಿದರೆ ಎತ್ತುತ್ತೇನೆ. ಮೊದಲು ಕೃತಿಯ ಕೈಗೆ ಕೊಡುತ್ತೇನೆ. ಅವಳಿಗೆ ನೀವೇ ಹೇಳಿ.