ನಿಂತವರು ಎಂಟು, ಹತ್ತಿದವರು ಏಳು

ಮೇಲ್ದಂಡಿ ಊರು, ತುಂಗಭದ್ರೆಯ ಎಡದಂಡೆ
ಫೆಬ್ರವರಿ 30, 2149

ಶಾಲಾ ಬಸ್ಸಿನ ಲೈಸೆನ್ಸಿಗಾಗಿ ಓದುತ್ತಿರುವ ನಿಮಗೆ,

ನೀಲಗಂಗಾ ಬಾರಕೇರ ಮಾಡುವ ನಮಸ್ಕಾರ. ಮೇಲಿನ ತಾರೀಖು ನೋಡಿ ಈ ಹೆಂಗಸಿಗೆ ಲೆಕ್ಕ ಬರುವುದಿಲ್ಲ ಎಂದುಕೊಳ್ಳಬೇಡಿ. ನಮ್ಮ ಅಜ್ಜಂದಿರ ಕಾಲದಲ್ಲಿ ತಿಂಗಳುಗಳನ್ನೆಲ್ಲ ಸಮ ಮಾಡಿದರು, ಆಗ ಫೆಬ್ರವರಿಗೂ ಮೂವತ್ತು ದಿನ ಸಿಕ್ಕಿತು. ಹಾಗೆಯೇ ಈ ಪತ್ರದಲ್ಲಿ ನಿಮಗೆ ಗೊತ್ತಿರದ ಕೆಲವು ಮಾತುಗಳು ಬರುತ್ತವೆ. ಅವು ನಮಗೆ ಬಳಸಿ ಬಳಸಿ ಸವೆದ ಮಾತುಗಳು, ನಿಮಗೆ ಮಾತ್ರ ವಿಚಿತ್ರ ಎನ್ನಿಸಬಹುದು. ಕ್ಷಮೆ ಇರಲಿ. ಬಂದಲ್ಲೆಲ್ಲ ಅರ್ಥ ಹೇಳುತ್ತ ಹೋಗುತ್ತೇನೆ. ಈ ಕಾಗದ ನಿಮ್ಮ ಕೈಗೆ ಹೇಗೆ ಸೇರುತ್ತದೆಂಬುದು ನನಗೂ ಸರಿಯಾಗಿ ತಿಳಿಯದು. ಸೇರುತ್ತದೆ ಎಂದು ಅಂಚೆಯವರು ಹೇಳಿದ್ದಾರೆ, ನಂಬಿದ್ದೇನೆ.

ನನಗೀಗ ಐವತ್ತೊಂದು. ಎಂಟು ವರ್ಷಗಳಿಂದ ಮೇಲ್ದಂಡಿ ಶಾಲೆಯ ಬಸ್ಸು ಓಡಿಸುತ್ತೇನೆ. ನಮ್ಮಲ್ಲಿ ಉಳಿದ ಬಂಡಿಗಳೆಲ್ಲ ತಾನೋಟದವು, ಅಂದರೆ ಮನುಷ್ಯರಿಲ್ಲದೆ ತಾವೇ ಓಡುವಂಥವು. ಉಳ್ಳಾಗಡ್ಡಿ, ಸಿಮೆಂಟು, ಮದುವೆ ದಿಬ್ಬಣ, ಎಲ್ಲವೂ ಹಾಗೇ ಹೋಗಿಬರುತ್ತವೆ. ಮಕ್ಕಳಿರುವ ಬಂಡಿಗೆ ಮಾತ್ರ ಮನುಷ್ಯರೇ ಬೇಕೆಂದು ಕಾನೂನಿದೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆಯ ಮೇಲೆ ಹೊರಗೆ ನಿಲ್ಲಲಾಗುವುದಿಲ್ಲ. ಆದ್ದರಿಂದ ಶಾಲೆ ಆರಕ್ಕೆ ಶುರುವಾಗಿ ಹತ್ತಕ್ಕೆ ಮುಗಿಯುತ್ತದೆ. ಮಕ್ಕಳು ಕಣ್ಣುಜ್ಜುತ್ತ, ಅರ್ಧ ರೊಟ್ಟಿ ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತಾರೆ. ಕಿಟಕಿಗಳಿಗೆ ಲಾವಂಚದ ಚಾಪೆ ಕಟ್ಟಿ ನೀರು ಚಿಮುಕಿಸಿರುತ್ತೇವೆ. ಬಸ್ಸಿಗೆ ಸ್ವಂತ ಸದ್ದಿಲ್ಲ, ಹೀಗಾಗಿ ದಾರಿಯವರಿಗೆ ಕೇಳಲೆಂದು ಒಂದು ಗುಂಯ್‌ಪೆಟ್ಟಿಗೆ ಕೂಡಿಸಿದ್ದಾರೆ. ಬಾಗಿಲ ಮೇಲೆ ಎಣಿಗಣ್ಣು ಇರುತ್ತದೆ. ಹತ್ತಿದ ಮಕ್ಕಳನ್ನು ಹಾಜರಿ ಪಟ್ಟಿಯ ಜೊತೆ ತಾಳೆ ನೋಡಿ, ಎಲ್ಲ ಸರಿಯಿದ್ದರೆ ಹಸಿರು ದೀಪ ಹೊತ್ತಿಸುತ್ತದೆ. ಬಣ್ಣ ಮಾತ್ರ ನಿಮ್ಮ ಕಾಲದ್ದೇ, ಹಳದಿ.

ಇದಕ್ಕೂ ಮೊದಲು ಹದಿನೆಂಟು ವರ್ಷ ನಾನು ನೀರಿನ ಟ್ಯಾಂಕರ್ ಓಡಿಸಿದವಳು. ಟ್ಯಾಂಕರಿನಲ್ಲಿ ನೀರು ತುಳುಕಿ ಬಂಡಿಯನ್ನೇ ಎಳೆದಾಡುತ್ತದೆ, ಅದಕ್ಕೆ ಆಗ ಮನುಷ್ಯರೇ ಬೇಕಿತ್ತು. ಊರಿಗೆ ಕೊಳವೆ ಬಂದ ಮೇಲೆ ಆ ಕೆಲಸ ಹೋಯಿತು. ಶಾಲೆಯವರು ಡ್ರೈವರ್ ಬೇಕೆಂದಾಗ ನನ್ನಂಥವಳಿಗೆ ಪರೀಕ್ಷೆ ಯಾತಕ್ಕೆ ಎಂದು ಒಳಗೇ ನಕ್ಕೆ. ಬಂಡಿ ಓಡಿಸಿ ತೋರಿಸುವುದು ಆಮೇಲೆ, ಮೊದಲು ಲಿಖಿತ ಪರೀಕ್ಷೆ. ನಲವತ್ತು ಪ್ರಶ್ನೆಗಳು. ಅದರಲ್ಲಿ ಐದು ಕಡ್ಡಾಯದವು, ಒಂದು ತಪ್ಪಾದರೂ ನಪಾಸು. ನನಗೆ ಮೂವತ್ತೆಂಟು ಬಂದವು, ಆದರೂ ನಪಾಸಾದೆ. ಎರಡನೇ ಸಲ ಮೂವತ್ತೊಂಬತ್ತು ಬಂದವು, ಮತ್ತೆ ನಪಾಸು. ಎರಡು ಸಲವೂ ತಪ್ಪಿದ್ದು ಒಂದೇ ಪ್ರಶ್ನೆ: ನಿಲ್ದಾಣದಲ್ಲಿ ಮಕ್ಕಳ ಎಣಿಕೆ ತಪ್ಪಿತು, ಕನ್ನಡಿಗಳಲ್ಲಿ ಯಾರೂ ಕಾಣುತ್ತಿಲ್ಲ, ಏನು ಮಾಡುವಿರಿ? ಹಾರ್ನ್ ಮಾಡಿ ನಿಧಾನವಾಗಿ ಮುಂದೆ ಹೋಗುವೆ ಎಂದು ಬರೆದಿದ್ದೆ. ಹದಿನೆಂಟು ವರ್ಷ ಹಾಗೆಯೇ ಮಾಡಿದ್ದೆ, ಒಂದು ಕೋಳಿಯೂ ಸತ್ತಿರಲಿಲ್ಲ. ಪರೀಕ್ಷೆ ಮೂರು ಸಲಕ್ಕಿಂತ ಹೆಚ್ಚು ಬರೆಯುವಂತಿಲ್ಲ. ಉಳಿದದ್ದು ಒಂದು.

ಆಗ ಹೋದದ್ದು ಹುಸೇನಸಾಬ ನದಾಫ ಅವರ ಮನೆಗೆ. ಎಪ್ಪತ್ತು ದಾಟಿದ ನಿವೃತ್ತ ಶಾಲಾ ಬಸ್ ಡ್ರೈವರ್, ಹೊಸಬರಿಗೆ ಪಾಠ ಹೇಳುವವರು, ಊರೆಲ್ಲ ಅವರನ್ನು ಹುಸೇನ್ ಕಾಕಾ ಎನ್ನುತ್ತಿತ್ತು. ನಾನು ಪ್ರಶ್ನೆಯದೇ ತಪ್ಪು ಎಂದು ವಾದ ಮಾಡಿದೆ. ಕಾಕಾ ವಾದಕ್ಕೆ ಬರಲಿಲ್ಲ. ಮರುದಿನ ನನ್ನನ್ನು ಶಾಲೆಯ ಬಯಲಿಗೆ ಕರೆದೊಯ್ದು, ನಿಂತ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂಡಿಸಿ, ಕಣ್ಣು ಮುಚ್ಚಿಕೋ ಎಂದರು. ಹೊರಗೆ ಏನೋ ಇಡುವ ಸದ್ದು. ಕಣ್ಣು ತೆಗೆದಾಗ ಬಸ್ಸಿನ ಸುತ್ತ ಎಷ್ಟು ಕೊಡ ಇವೆ ಹೇಳು ಎಂದರು. ಕನ್ನಡಿಗಳನ್ನೆಲ್ಲ ನೋಡಿ, ಕತ್ತು ಚಾಚಿ ನೋಡಿ, ನಾಲ್ಕು ಎಂದೆ. ಇಳಿದು ಎಣಿಸಿದರೆ ಹನ್ನೊಂದು. ಮೂರಂತೂ ಮುಂದಿನ ಬಂಪರಿಗೆ ತಾಗುವ ಹಾಗೆ ಸಾಲಾಗಿದ್ದವು. ಆ ಜಾಗಕ್ಕೆ ನಮ್ಮಲ್ಲಿ ಕುರುಡಂಗಳ ಎನ್ನುತ್ತಾರೆ, ಡ್ರೈವರನ ಕಣ್ಣು ಮುಟ್ಟದ ಅಂಗಳ. ನಿಮ್ಮ ಪುಸ್ತಕದಲ್ಲಿ ಅದಕ್ಕೆ ಬೇರೆ ಹೆಸರಿರಬಹುದು, ಅಂಗಳ ಮಾತ್ರ ಅದೇ.

ಕೊಡಗಳನ್ನು ಒಳಗೆ ಸಾಗಿಸುತ್ತ ಕಾಕಾ ತಮ್ಮ ಸಂಗತಿ ಹೇಳಿದರು. ಮೂವತ್ತರ ಹರೆಯದಲ್ಲಿ ಒಂದು ಮಧ್ಯಾಹ್ನ ಅವರ ಬಸ್ಸಿನಿಂದ ಐದು ಮಕ್ಕಳು ಇಳಿದಿದ್ದರು. ರಸ್ತೆ ದಾಟಿದ್ದು ನಾಲ್ಕೋ ಐದೋ ಎಂಬ ಅನುಮಾನ ಅವರಿಗೆ ಬಂತು. ಹಿಂದಿನ ಬಂಡಿಯವರು ಅವಸರ ಮಾಡುತ್ತಿದ್ದರು, ಕಾಕಾ ಹಾರ್ನ್ ಮಾಡಿ ನಿಧಾನವಾಗಿ ಮುಂದೆ ಹೋದರು. ಐದನೆಯ ಹುಡುಗಿ ಬಸ್ಸಿನ ಮುಂದೆಯೇ ಇದ್ದಳು. ಬದುಕಿದಳು, ಒಂದು ಕಾಲು ಹೋಯಿತು. ಈಗ ಅವಳದು ಪೇಟೆಯಲ್ಲಿ ಹೊಲಿಗೆ ಅಂಗಡಿ ಇದೆ, ಕಾಕಾನ ಅಂಗಿಗಳನ್ನೂ ಅವಳೇ ಹೊಲಿಯುತ್ತಾಳೆ. ಇಷ್ಟು ಹೇಳಿ ಕೊನೆಯ ಕೊಡ ಒಳಗಿಟ್ಟು, "ಅನುಮಾನ ಬಂತು ಅಂದ್ರ ಅದಽ ಉತ್ತರ ಐತಿ, ಯವ್ವಾ. ಮತ್ತೇನೂ ಹುಡುಕಬ್ಯಾಡ" ಎಂದರು.

ಮೂರನೇ ಸಲ ಆ ಪ್ರಶ್ನೆಗೆ ಹೀಗೆ ಬರೆದೆ: ಬಸ್ಸು ನಿಲ್ಲಿಸಿಯೇ ಇರುವೆ. ಬ್ರೇಕ್ ಕಟ್ಟಿ, ಬಂದ್ ಮಾಡಿ, ಕೀಲಿ ಕೈಯಲ್ಲಿ ಹಿಡಿದು ಇಳಿಯುವೆ. ಸುತ್ತಲೂ ನೋಡುವೆ, ಕೆಳಗೂ ನೋಡುವೆ. ಪಾಸಾದೆ.

ನಿಮಗೆ ನಿಜವಾಗಿ ಹೇಳಬೇಕೆಂದದ್ದು ಇನ್ನು ಮುಂದಿನದು. ಕೆಲಸಕ್ಕೆ ಸೇರಿದ ಮೊದಲ ವರ್ಷ, ಮಾರ್ಚ್ ತಿಂಗಳು. ಅಂದು ಐದನೆಯ ತರಗತಿಯವರಿಗೆ ಹಂತ ಪರೀಕ್ಷೆ ಇತ್ತು. ದೊಡ್ಡ ಶಾಲೆಗಳಲ್ಲಿ ಜಾಗ ಸಿಗುವುದು ಅದರ ಮೇಲೆಯೇ. ನಮ್ಮೂರಿಗೂ ಶಾಲೆಗೂ ನಡುವೆ ಒಂದು ಸರದಿ ಸೇತುವೆ ಇದೆ. ಹಳೆಯ ಸೇತುವೆ, ಎರಡು ಕಡೆಯ ಭಾರ ಒಟ್ಟಿಗೆ ತಾಳುವುದಿಲ್ಲ. ಅದಕ್ಕೆ ಅತ್ತಣವರಿಗೆ ಅರ್ಧ ಗಂಟೆ, ಇತ್ತಣವರಿಗೆ ಅರ್ಧ ಗಂಟೆ. ನಮ್ಮ ಸರದಿ ತಪ್ಪಿದರೆ ಕಾಯಲೇಬೇಕು. ವೇಳಾಪಟ್ಟಿ ಮಾಡಿದವರು ಕೊನೆಯ ನಿಲ್ದಾಣದಿಂದ ಸೇತುವೆಗೆ ಬಿಟ್ಟಿದ್ದು ನಾಲ್ಕು ನಿಮಿಷ.

ಆ ಕೊನೆಯ ನಿಲ್ದಾಣಕ್ಕೆ ಬಂದಾಗ ಕೆಂಗಾಳಿ ಎದ್ದಿತ್ತು. ಹೊಳೆಯ ಪಾತ್ರ ಒಣಗಿದಾಗ ಅದರ ಕೆಂಪು ಮಣ್ಣನ್ನು ಹೊತ್ತು ಬೀಸುವ ಗಾಳಿ ಅದು. ನಿಲ್ಲಿಸುವಾಗ ಮಕ್ಕಳನ್ನು ಎಣಿಸಿಕೊಂಡೆ: ಎಂಟು. ಮಕ್ಕಳು ತಲೆ ಬಗ್ಗಿಸಿಕೊಂಡು ಹತ್ತಿದರು: ಏಳು. ಎಣಿಗಣ್ಣು ಪಟ್ಟಿ ನೋಡಿ, ಏಳಕ್ಕೆ ಏಳು ಎಂದು ಹಸಿರು ದೀಪ ಹೊತ್ತಿಸಿತು. ಹಿಂದೆ ಉಳ್ಳಾಗಡ್ಡಿಯ ತಾನೋಟದ ಬಂಡಿಗಳು ಸಾಲುಗಟ್ಟಿ ಒಂದೇ ದನಿಯಲ್ಲಿ ಪೀಪೀ ಎನ್ನತೊಡಗಿದವು. ಒಳಗೆ ಪಾರಿಜಾತ ಕಮ್ಮಾರ ಎಂಬ ಜಾಣ ಹುಡುಗಿ, ಅಕ್ಕಾರ ಸೇತುವೆ ತಪ್ಪತೈತ್ರಿ ಎಂದು ಮತ್ತೆ ಮತ್ತೆ ಹೇಳುತ್ತಿದ್ದಳು. ನನ್ನ ಕಾಲು ಹೊರಡಲು ಸಿದ್ಧವಾಗಿತ್ತು, ಸುಳ್ಳು ಹೇಳುವುದಿಲ್ಲ. ನಾನೇ ತಪ್ಪು ಎಣಿಸಿರಬೇಕು ಎಂದುಕೊಂಡೆ. ಹಾಗೆ ಅಂದುಕೊಂಡದ್ದೇ ಅನುಮಾನ ಎಂಬುದು ಮರುಕ್ಷಣ ಹೊಳೆಯಿತು. ಬ್ರೇಕ್ ಕಟ್ಟಿ, ಬಂದ್ ಮಾಡಿ, ಕೀಲಿ ತೆಗೆದುಕೊಂಡು ಇಳಿದೆ.

ಧೂಳಿನಲ್ಲಿ ಬಸ್ಸಿನ ಸುತ್ತ ಬಂದೆ. ಯಾರೂ ಇಲ್ಲ. ಎಡಗಡೆಯ ಮುಂದಿನ ಗಾಲಿಯ ಎದುರು, ಒಂದು ಮೊಳ ದೂರದಲ್ಲಿ, ಒಂದು ಸಣ್ಣ ಚಪ್ಪಲಿ ಬಿದ್ದಿತ್ತು. ನನ್ನ ಹಸ್ತಕ್ಕಿಂತ ಚಿಕ್ಕದು. ಮಣ್ಣಿನಲ್ಲಿ ಮಲಗಿ ಬಸ್ಸಿನ ಕೆಳಗೆ ನೋಡಿದೆ, ಪಕ್ಕದ ಚರಂಡಿಯಲ್ಲಿ ನೋಡಿದೆ, ಓಣಿಯ ಬಾಯಿಯವರೆಗೆ ಹೋಗಿ ಕೂಗಿದೆ. ಉತ್ತರವಿಲ್ಲ. ಹಿಂದಿರುಗಿ ಸೀಟಿನಲ್ಲಿ ಕೂತಾಗ ಹನ್ನೊಂದು ನಿಮಿಷ ಕಳೆದಿತ್ತು. ಸೇತುವೆ ಮುಚ್ಚಿತ್ತು. ಮಕ್ಕಳು ಪರೀಕ್ಷೆಗೆ ಅರ್ಧ ಗಂಟೆ ತಡವಾಗಿ ಮುಟ್ಟಿದರು, ಒಳಗೆ ಬಿಡಲಿಲ್ಲ. ಪಾರಿಜಾತ ಶಾಲೆಯ ಮೆಟ್ಟಿಲ ಮೇಲೆ ಪೆನ್ಸಿಲ್ ಡಬ್ಬಿ ಹಿಡಿದು ಕೂತಿದ್ದಳು. ಅವಳು ಅಳಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಆ ದಿನ ಮನೆಗೆ ಬಂದು ನಾನು ಊಟ ಮಾಡಲಿಲ್ಲ.

ದೂರು ಕೊಟ್ಟದ್ದು ಪಾರಿಜಾತಳ ತಾಯಿ ಶಾಂಭವಿ ಕಮ್ಮಾರ. ಗಾಳಿಯಂತ್ರಗಳ ರೆಕ್ಕೆ ದುರಸ್ತಿ ಮಾಡುವ, ಎರಡು ಹೆಣ್ಣುಮಕ್ಕಳನ್ನು ಒಬ್ಬಳೇ ಸಾಕುತ್ತಿದ್ದ ಹೆಂಗಸು. ಅವಳ ಸಿಟ್ಟಿನಲ್ಲಿ ತಪ್ಪೇನಿರಲಿಲ್ಲ. ಮಗಳು ಒಂದು ವರ್ಷ ಓದಿದ್ದು ಮಣ್ಣುಪಾಲಾಗಿತ್ತು. ನನ್ನನ್ನು ಕೆಲಸದಿಂದ ದೂರ ಇಟ್ಟು ಎಂಟು ದಿನಕ್ಕೆ ವಿಚಾರಣೆ ಕರೆದರು. ಶಾಲೆಯ ಸಭಾಂಗಣ, ಮೇಜಿನ ಹಿಂದೆ ಮೂವರು, ನಡುವೆ ಮುಖ್ಯ ಗುರುಗಳು. ಹುಸೇನ್ ಕಾಕಾ ಬಂದು ಹಿಂದಿನ ಬೆಂಚಿನಲ್ಲಿ ಕೂತರು. ಯಂತ್ರವೇ ಎಲ್ಲ ಸರಿ ಎಂದ ಮೇಲೆ ಯಾಕೆ ಇಳಿದಿರಿ ಎಂದು ಗುರುಗಳು ಕೇಳಿದರು. ಯಂತ್ರ ಪಟ್ಟಿಯಲ್ಲಿರುವವರನ್ನು ಎಣಿಸುತ್ತದೆ, ನಾನು ರಸ್ತೆಯಲ್ಲಿ ನಿಂತವರನ್ನು ಎಣಿಸಿದ್ದೆ ಎಂದೆ. ಹಾಗಾದರೆ ಆ ಎಂಟನೆಯವರು ಸಿಕ್ಕರೇ ಎಂದರು. ಇಲ್ಲ, ಇದು ಸಿಕ್ಕಿತು ಎಂದು ಚೀಲದಿಂದ ಚಪ್ಪಲಿ ತೆಗೆದು ಮೇಜಿನ ಮೇಲಿಟ್ಟೆ. ಮೂವರಲ್ಲೊಬ್ಬರು, ಬೀದಿಯಲ್ಲಿ ಇಂಥವು ಬೇಕಾದಷ್ಟು ಬಿದ್ದಿರುತ್ತವೆ ಎಂದು ಸಣ್ಣಗೆ ನಕ್ಕರು.

ಶಾಂಭವಿ ತನ್ನ ಕುರ್ಚಿಯಿಂದ ಎದ್ದು ಮೇಜಿನ ಹತ್ತಿರ ಬಂದಳು. ಚಪ್ಪಲಿಯ ಪಟ್ಟಿ ಒಮ್ಮೆ ಹರಿದಿತ್ತು, ಅದನ್ನು ತಾಮ್ರದ ತಂತಿಯಿಂದ ಹೊಲಿದಿದ್ದರು. ಆ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಇದು ಎಲ್ಲಿ ಬಿದ್ದಿತ್ತು?"

"ಎಡಗಾಲಿ ಮುಂದ. ಒಂದು ಮೊಳ."

"ಈ ತಂತಿ ನಾ ಹೊಲಿದದ್ದು," ಎಂದಳು. ಅದನ್ನು ಮೇಜಿನವರಿಗೆ ಹೇಳಿದಳೋ ತನಗೇ ಹೇಳಿಕೊಂಡಳೋ ತಿಳಿಯಲಿಲ್ಲ.

ಅವಳ ಚಿಕ್ಕ ಮಗಳು ಹೊನ್ನಿಗೆ ಆಗ ನಾಲ್ಕು ವರ್ಷ. ಶಾಲೆಯ ಪಟ್ಟಿಯಲ್ಲಿ ಅವಳ ಹೆಸರಿರಲಿಲ್ಲ. ಅಂದು ಅವಳು ಅಕ್ಕನ ಬೆನ್ನು ಹತ್ತಿ ನಿಲ್ದಾಣಕ್ಕೆ ಬಂದಿದ್ದಳು, ಪರೀಕ್ಷೆಯ ಗಡಿಬಿಡಿಯಲ್ಲಿ ಅಕ್ಕ ನೋಡಿರಲಿಲ್ಲ. ಚಪ್ಪಲಿ ಬಸ್ಸಿನ ಮುಂದೆ ಜಾರಿತ್ತು, ಅದನ್ನು ಹೆಕ್ಕಲು ಬಗ್ಗಿದ್ದಳು. ಬಸ್ಸಿನ ಸದ್ದು ನಿಂತು ನಾನು ಇಳಿಯುವುದು ಕಂಡಾಗ, ಬೈಯುತ್ತಾರೆಂದು ಹೆದರಿ ಚಪ್ಪಲಿ ಬಿಟ್ಟು ಮನೆಗಳ ಹಿಂದಿನಿಂದ ಓಡಿಹೋಗಿದ್ದಳು. ಒಂಟಿ ಚಪ್ಪಲಿಯಲ್ಲಿ ಬಂದ ಮಗಳಿಗೆ ಶಾಂಭವಿ ಎರಡೇಟು ಹಾಕಿದ್ದಳಂತೆ. ಇದೆಲ್ಲ ಗೊತ್ತಾದದ್ದು ಆ ಸಂಜೆ. ಆದರೆ ಸಭಾಂಗಣದಲ್ಲಿ ಆ ತಂತಿ ಮುಟ್ಟಿದಾಗಲೇ ತಾಯಿಗೆ ಅರ್ಧ ತಿಳಿದಿತ್ತು. ಅವಳು ನನ್ನ ಕಡೆ ತಿರುಗಿ, ಬಂದದ್ದು ತನ್ನ ಮಗಳೆಂದು ಗೊತ್ತಿತ್ತೇ ಎಂದು ಕೇಳಿದಳು. ನಾನು ಇದ್ದದ್ದನ್ನೇ ಹೇಳಿದೆ:

"ಯಾರಂತ ಗೊತ್ತಿರಲಿಲ್ಲ ಯವ್ವಾ. ಗೊತ್ತಿರಲಿಲ್ಲ ಅಂತಽ ಇಳಿದೆ."

ಮುಖ್ಯ ಗುರುಗಳು ದೂರು ಹಿಂದಕ್ಕೆ ಪಡೆಯುತ್ತೀರಾ ಎಂದರು. ಶಾಂಭವಿ ಚಪ್ಪಲಿಯನ್ನು ಕೈಗೆತ್ತಿಕೊಂಡಳು. ಆಮೇಲೆ, "ದೂರು ಇರ್ಲಿರಿ. ಈಕಿ ಹೆಸರು ತಗೀರಿ. ನಾಲ್ಕಽ ನಿಮಿಷ ಕೊಟ್ಟು ಪಟ್ಟಿ ಮಾಡ್ಯಾರಲ್ಲ, ಅವರ ಹೆಸರು ಬರೀರಿ" ಎಂದಳು.

ಹೆಸರು ಯಾರದೂ ಬರೆಯಲಿಲ್ಲ, ಆದರೆ ವೇಳಾಪಟ್ಟಿ ಬದಲಾಯಿತು. ಈಗ ಪ್ರತಿ ಓಟದಲ್ಲೂ ಹದಿನೈದು ನಿಮಿಷ ಹೆಚ್ಚಿಗೆ ಇರುತ್ತದೆ. ಅದಕ್ಕೆ ಇಳಿಹೊತ್ತು ಎಂದು ಹೆಸರು, ಡ್ರೈವರ್ ಇಳಿದು ನೋಡಲೆಂದೇ ಇಟ್ಟ ಹೊತ್ತು. ನಾನು ಮರುದಿನ ಕೆಲಸಕ್ಕೆ ಹೋದೆ. ಪಾರಿಜಾತಳಿಗೆ ಆ ವರ್ಷದ ಜಾಗ ತಪ್ಪಿದ್ದು ತಪ್ಪಿದ್ದೇ. ಮರುವರ್ಷ ಪರೀಕ್ಷೆ ಕಟ್ಟಿ ದೊಡ್ಡ ಶಾಲೆಗೆ ಹೋದಳು, ಅಲ್ಲಿಯವರೆಗೂ ನನ್ನ ಬಸ್ಸಿನಲ್ಲೇ ಕೂತು ನನ್ನೊಡನೆ ಮಾತಾಡಲಿಲ್ಲ. ಅವಳ ಮೇಲೆ ನನಗೆ ಬೇಸರವಿಲ್ಲ. ಹೊನ್ನಿ ಈಗ ಏಳನೆಯ ತರಗತಿಯಲ್ಲಿದ್ದಾಳೆ, ಯಾವಾಗಲೂ ಕಿಟಕಿಯ ಜಾಗಕ್ಕೆ ಜಗಳ. ಹುಸೇನ್ ಕಾಕಾ ಹೋಗಿ ಮೂರು ವರ್ಷವಾಯಿತು. ಅವರು ನಡೆಸುತ್ತಿದ್ದ ಪಾಠವನ್ನು ಈಗ ಭಾನುವಾರಗಳಂದು ನಾನು ನಡೆಸುತ್ತೇನೆ.

ನಿಮ್ಮ ಕಾಲದ ಬಗ್ಗೆ ಓದಿದ್ದೇನೆ. ಒಂದೊಂದು ಬಸ್ಸಿನಲ್ಲಿ ಅರವತ್ತು ಮಕ್ಕಳು, ಜೊತೆಗೆ ಒಬ್ಬ ಆಯಾ ಇದ್ದರೆ ಇದ್ದಳು, ಇಲ್ಲದಿದ್ದರೆ ಇಲ್ಲ. ಜೇಬಿನಲ್ಲಿ ಮೊಬೈಲ್ ಒದರುತ್ತಿರುತ್ತದೆ, ಎಲ್ಲಿದ್ದೀರಿ ಎಂದು ಶಾಲೆಯವರು ಕೇಳುತ್ತಾರೆ, ಹಿಂದಿನ ಲಾರಿಯವನು ಬೈಯುತ್ತಾನೆ. ನಿಮಗೆ ಇಳಿಹೊತ್ತು ಎಂಬುದನ್ನು ಯಾರೂ ಕೊಟ್ಟಿಲ್ಲ. ಆದ್ದರಿಂದ ನಿಮಗೆ ಉಪದೇಶ ಮಾಡುವ ಯೋಗ್ಯತೆ ನನಗಿಲ್ಲ. ನಮ್ಮ ಪಠ್ಯದಲ್ಲಿರುವ ಒಂದೊಂದು ಸಾಲೂ ನಿಮ್ಮಂಥವರು ಕಂಡು, ಅನುಭವಿಸಿ, ಅತ್ತು ಬರೆಸಿದ್ದು. ಓಟ ಮುಗಿದ ಮೇಲೆ ಕೊನೆಯ ಸೀಟಿನವರೆಗೆ ನಡೆದುಹೋಗಿ ನೋಡಬೇಕು, ರೈಲು ಹಳಿಯ ಮುಂದೆ ನಿಂತು ಕಿಟಕಿ ತೆರೆದು ಕಿವಿಗೊಡಬೇಕು, ಮಕ್ಕಳು ಕೆಳಗಿರುವಾಗ ಹಿಂದೆ ಸರಿಯಬಾರದು. ಇವನ್ನು ಓದುವಾಗ ಬಾಯಿಪಾಠ ಎನ್ನಿಸಿದರೆ ಪುಸ್ತಕ ಬದಿಗಿಟ್ಟು, ನಿಂತ ಬಸ್ಸಿನ ಸುತ್ತ ಒಂದಿಷ್ಟು ಕೊಡ ಇಟ್ಟು ನೋಡಿ.

ನನ್ನ ಬೇಡಿಕೆ ಒಂದೇ. ಎಣಿಕೆ ತಪ್ಪಿತೆನ್ನಿಸಿದರೆ ಇಳಿಯಿರಿ. ಏನೂ ಸಿಗದೆ ಹಿಂದಿರುಗಿ ಬಂದು ಕೂತಾಗ ಜನ ನಗುತ್ತಾರೆ, ಆಗ ನಾಚಿಕೊಳ್ಳಬೇಡಿ. ಎಂಟು ವರ್ಷಗಳಲ್ಲಿ ನಾನು ನಲವತ್ತಾರು ಸಲ ಇಳಿದಿದ್ದೇನೆ. ನಲವತ್ತೈದು ಸಲ ರಸ್ತೆ ಖಾಲಿ ಇತ್ತು.

ನಿಮ್ಮ ಪರೀಕ್ಷೆ ಚೆನ್ನಾಗಿ ಆಗಲಿ.

ಇಂತು,
ನೀಲಗಂಗಾ ಬಾರಕೇರ
ಮೇಲ್ದಂಡಿ ಶಾಲಾ ಬಸ್ಸು