ನಾಳೆಗೆ ಬೇಕಿದ್ದ ಮೂಗು

ಕಿನುಯೋ ಅತ್ತಿಗೆಗೆ,

ನಿಮ್ಮ ಕಾರ್ಡು ಸೋಮವಾರ ತಲುಪಿತು. ಅಣ್ಣ ತೀರಿಕೊಂಡು ಎರಡು ವರ್ಷ ತುಂಬುವ ಪೂಜೆ ನವೆಂಬರ್ ಹದಿನೇಳರ ಭಾನುವಾರ, ಹನ್ನೊಂದಕ್ಕೆ ಗುರುಗಳು ಬರುತ್ತಾರೆ ಎಂದಿದೆ. ಎಲ್ಲರಿಗೂ ಕಳಿಸಿದ ಅಚ್ಚಿನ ಕಾರ್ಡೇ. ಬಾ ಎಂದು ಬೇರೆಯಾಗಿ ಬರೆದಿಲ್ಲ, ಬರಬೇಡ ಎಂದೂ ಬರೆದಿಲ್ಲ.

ಬರುವ ಮೊದಲು ನಿಮಗೆ ಒಂದು ವಿಷಯ ತಿಳಿಸಬೇಕು. ತಿಳಿದ ಮೇಲೆ ನನ್ನನ್ನು ಒಳಗೆ ಕರೆಯುವುದೂ ಬಿಡುವುದೂ ನಿಮಗೆ ಸೇರಿದ್ದು. ಈ ಮೇ ತಿಂಗಳಲ್ಲಿ ನಮ್ಮ ಮಸಾಲೆ ಕಂಪನಿಯ ಲಾರಿ ನಿಮ್ಮ ಕಣಿವೆಗೆ ಸಾಂಶೋ ಕಾಯಿ ಒಯ್ಯಲು ಬರಲಿಲ್ಲ. ಏಕೆ ಎಂದು ನೀವು ಫೋನಿನಲ್ಲಿ ಕೇಳಿದಾಗ ನಾನು "ಮೇಲಿನವರ ತೀರ್ಮಾನ" ಎಂದೆ. ಅದು ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ.

ಎಲ್ಲಿಂದ ಶುರು ಮಾಡಬೇಕೋ ತಿಳಿಯುತ್ತಿಲ್ಲ. ವರದಿಗಳನ್ನು ಬರೆದು ಅಭ್ಯಾಸವಾದವಳಿಗೆ ಪತ್ರ ಬರೆಯುವುದು ಮರೆತುಹೋಗಿರುತ್ತದೆ.

ನೀವು ಮದುವೆಯಾಗಿ ನಮ್ಮ ಮನೆಗೆ ಬಂದಾಗ ನನಗೆ ಹದಿನಾಲ್ಕು. ಬಂದ ಮೊದಲ ಮೇ ತಿಂಗಳಲ್ಲೇ ನಿಮ್ಮನ್ನು ತೋಟಕ್ಕೆ ಇಳಿಸಿದರು. ನೀವು ಬೆರಳಿಗೆ ಬಟ್ಟೆ ಸುತ್ತಿಕೊಂಡು, ಮುಳ್ಳಿನ ನಡುವಿಂದ ಹಸಿರು ಗೊಂಚಲುಗಳನ್ನು ಕಿತ್ತು ಸೊಂಟದ ಬುಟ್ಟಿಗೆ ಹಾಕುತ್ತ, ಏನೋ ಗುನುಗಿದಿರಿ. ಶಿಗೆಹಾರು ಅಣ್ಣ ಏಣಿಯ ಮೇಲಿಂದ ಕೂಗಿದ.

"ಹಾಡ್ಬೇಡ ಕಣೇ! ಹಾಡ್ತಾ ಕಿತ್ರೆ ಸಾಂಶೋ ಮರ ಒಣಗಿಹೋಗತ್ತೆ."

"ನನ್ನ ಹಾಡಿಗೇ ಸಾಯೋ ಮರ, ಅತ್ತೆಯ ಬೈಗುಳಕ್ಕೆ ಇಷ್ಟು ವರ್ಷ ಹೇಗೆ ಬದುಕ್ತು?" ಎಂದಿರಿ ನೀವು.

ಅಮ್ಮ ಪಕ್ಕದ ಸಾಲಿನಲ್ಲೇ ಇದ್ದಳು. ಅವಳಿಗೂ ನಗು ಬಂತು. ಆದರೆ ಅಂದಿನಿಂದ ನೀವು ತೋಟದಲ್ಲಿ ಹಾಡಿದ್ದನ್ನು ನಾನು ಕೇಳಿಲ್ಲ. ಅಣ್ಣನ ಮಾತನ್ನು ನೀವು ನಂಬಿರಲಿಲ್ಲ. ಅವನು ನಂಬಿದ್ದ, ಅಷ್ಟಕ್ಕೇ ಬಿಟ್ಟಿರಿ.

ಅದೇ ವರ್ಷವೇ ಇರಬೇಕು, ನೀವು ನನ್ನ ಕೈಗೆ ಎರಡು ಕಾಯಿ ಇಟ್ಟು, ಯಾವುದು ಯಾವ ಮರದ್ದು ಹೇಳು ನೋಡೋಣ ಎಂದದ್ದು. ನನಗೆ ಗೊತ್ತಾಗಲಿಲ್ಲ. ಒಂದು ಬಾವಿಯ ಪಕ್ಕದ್ದು, ಇನ್ನೊಂದು ಕಲ್ಲುಕಟ್ಟೆಯ ಮೇಲಿನದು ಎಂದು ನೀವು ಮೂಸಿ ಹೇಳಿದಿರಿ. ನಮ್ಮ ಕಣಿವೆಗೆ ಬಂದು ನಿಮಗಾಗ ಇನ್ನೂ ಎರಡು ತಿಂಗಳು. ನಾನು ಗಿಡಗಳ ರಸಾಯನಶಾಸ್ತ್ರ ಓದಲು ಹೋದದ್ದು ಪ್ರೊಫೆಸರರ ಪ್ರೇರಣೆಯಿಂದ ಎಂದು ಸಂದರ್ಶನಗಳಲ್ಲಿ ಹೇಳುತ್ತ ಬಂದಿದ್ದೇನೆ. ಆ ಎರಡು ಕಾಯಿಗಳ ಸಂಗತಿಯನ್ನು ಯಾರಿಗೂ ಹೇಳಿಲ್ಲ. ನಿಮ್ಮ ಮೂಗಿಗೆ ತಿಳಿದದ್ದನ್ನು ನಾನು ಯಂತ್ರದಿಂದಾದರೂ ತಿಳಿಯಬೇಕು ಎಂದುಕೊಂಡಿದ್ದೆ.

ಯಂತ್ರಕ್ಕೆ ತಿಳಿಯಿತು. ನಮ್ಮ ಕಾಯಿಯ ಪರಿಮಳವನ್ನು ಮೊದಲ ಸಲ ಬಿಡಿಬಿಡಿಯಾಗಿ ಬೇರ್ಪಡಿಸಿದ ದಿನ, ಕಾಗದದ ಮೇಲೆ ಗುಡ್ಡಸಾಲಿನಂಥ ಗೆರೆ ಬಂತು. ಒಂದೊಂದು ಶಿಖರ ಒಂದೊಂದು ವಸ್ತು: ನಿಂಬೆಯಂಥದ್ದು, ಹುಲ್ಲಿನಂಥದ್ದು, ಗುಲಾಬಿಯಂಥದ್ದು. ಅದರ ಪ್ರತಿಯನ್ನು ಅಣ್ಣನಿಗೆ ಕಳಿಸಿದೆ. ಅವನು ಅದನ್ನು ಕಾಯಿ ಒಣಗಿಸುವ ಕೊಟ್ಟಿಗೆಯಲ್ಲಿ ತಲೆಕೆಳಗಾಗಿ ಅಂಟಿಸಿದ್ದ. ನಾನು ಹೇಳಿದ್ದಕ್ಕೆ, "ಹೀಗಿಟ್ರೆ ಗೊಂಚಲು ಜೋತಾಡ್ದಂಗೆ ಕಾಣತ್ತೆ. ನೀನು ಇಟ್ರೆ ಏನೂ ಕಾಣಲ್ಲ," ಎಂದ. ಈಗಲೂ ಅಲ್ಲೇ ಇದ್ದರೆ ತೆಗೆಯಬೇಡಿ.

ಮುಂದಿನ ಮೂವತ್ತೊಂದು ವರ್ಷಗಳನ್ನು ಒಂದೇ ಮಾತಿನಲ್ಲಿ ಹೇಳಬಹುದು. ಕಿತ್ತ ದಿನ ಸಾಂಶೋ ಕಾಯಿಗೆ ಇರುವ ಹಸಿ ವಾಸನೆ ಮರುದಿನ ಇರುವುದಿಲ್ಲ. ಅದನ್ನು ಬಾಟಲಿಯಲ್ಲಿ ಮಾಡುವುದು ನನ್ನ ಕೆಲಸವಾಗಿತ್ತು. ಕಾರ್ಖಾನೆಯ ರಸಾಯನದಿಂದಲ್ಲ, ಕಿತ್ತಳೆ ಸಿಪ್ಪೆಯ ಎಣ್ಣೆಯನ್ನು, ಗಿಡದಿಂದಲೇ ತೆಗೆದ ಕಿಣ್ವಗಳ ಕೈಗೆ ಕೊಟ್ಟು, ಅವು ಮರದಲ್ಲಿ ಮಾಡುವ ಕೆಲಸವನ್ನೇ ಗಾಜಿನ ಪಾತ್ರೆಯಲ್ಲಿ ಮಾಡಿಸಬೇಕು. ಆಗ ಮಾತ್ರ ಅದು ನೈಸರ್ಗಿಕ. ಎರಡು ಸಲ ಆಯಿತು ಎಂದುಕೊಂಡೆ, ಆಗಿರಲಿಲ್ಲ. ಮೂರನೆಯ ಸಲ, ಅಣ್ಣ ಬದುಕಿದ್ದ ಕೊನೆಯ ಬೇಸಗೆಯಲ್ಲಿ, ಆಯಿತು ಅನ್ನಿಸಿತು.

ಆಯಿತೋ ಇಲ್ಲವೋ ಎಂದು ಹೇಳುವುದು ಯಂತ್ರವಲ್ಲ, ಮನುಷ್ಯರ ನಾಲಿಗೆ. ಇಪ್ಪತ್ತನಾಲ್ಕು ಜನ ಒಬ್ಬೊಬ್ಬರಾಗಿ ಸಣ್ಣ ಗೂಡುಗಳಲ್ಲಿ ಕೂರುತ್ತೇವೆ. ಬಣ್ಣ ಕಾಣದಿರಲೆಂದು ಕೆಂಪು ದೀಪ. ಮುಂದೆ ಮೂರು ಬಟ್ಟಲು, ಮೇಲೆ ಅಂಕಿಗಳು. ಎರಡರಲ್ಲಿ ಒಂದೇ ಪದಾರ್ಥ, ಒಂದರಲ್ಲಿ ಬೇರೆ. ಬೇರೆಯದು ಯಾವುದು ಎಂದು ಬರೆಯಬೇಕು. ಗೊತ್ತಾಗದಿದ್ದರೂ ಯಾವುದೋ ಒಂದನ್ನು ಬರೆಯಲೇಬೇಕು. ಒಳಗೆ ಹೋಗುವ ಮೊದಲು ಉಚಿಯಾಮ ಎನ್ನುವವರು ಒಂದು ಚೀಟಿ ಕೊಡುತ್ತಾರೆ: ನಿನ್ನೆಯಿಂದ ಈವರೆಗೆ ಅತ್ತರು, ಸಿಗರೇಟು, ಬೆಳ್ಳುಳ್ಳಿ, ಊದುಬತ್ತಿ ಯಾವುದೂ ಇಲ್ಲ ಎಂದು ಸಹಿ ಹಾಕಬೇಕು. ಊದುಬತ್ತಿಯ ಹೊಗೆ ಕೂದಲಲ್ಲಿ ಎರಡು ದಿನ ನಿಲ್ಲುತ್ತದೆ. ಒಬ್ಬಳ ಕೂದಲಿನಿಂದ ಪಕ್ಕದ ಗೂಡಿನವರ ಮೂಗೂ ಕೆಡುತ್ತದೆ.

ಆ ವರ್ಷದ ಮೇ ತಿಂಗಳಲ್ಲಿ ಅಣ್ಣ ಪರೀಕ್ಷೆಗೆಂದು ತಾನೇ ಕಾಯಿ ಕಿತ್ತು, ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು ಸ್ಟೇಷನ್ನಿಗೆ ತಂದುಕೊಟ್ಟ. ಅದೇ ದಿನ ನಾನು ಅದನ್ನು ಮೈನಸ್ ಎಂಬತ್ತು ಡಿಗ್ರಿ ಶೀತದಲ್ಲಿ ಹೆಪ್ಪುಗಟ್ಟಿಸಿದೆ. ರೈಲು ಹೊರಡುವ ಮೊದಲು ಅವನು ಕಿಟಕಿಯಲ್ಲಿ ಬಗ್ಗಿ ಹೇಳಿದ ಮಾತು ನಿಮಗೆ ಗೊತ್ತಿಲ್ಲ.

"ನಿನ್ನ ಬಾಟ್ಲಿ, ನನ್ನ ಕಾಯಿ, ಎರಡೂ ಮುಂದಿಟ್ರೆ ಕಣ್ಮುಚ್ಕೊಂಡು ನನ್ನದನ್ನ ತೋರಿಸ್ತೀಯ ನೀನು. ತೋರಿಸ್ದೇ ಇದ್ರೆ ನಮ್ಮನೆಯೋಳೇ ಅಲ್ಲ, ಹೋಗು."

"ತೋರಿಸಿದ್ರೆ ನನ್ನ ಮೂವತ್ತು ವರ್ಷದ ಕೆಲಸ ಹೋಯ್ತು, ಅಣ್ಣ."

"ಹೋಗ್ಲಿ ಬಿಡು. ಬಂದು ಕಾಯಿ ಕೀಳು. ನಿನ್ನ ಅತ್ತಿಗೆಗೆ ಜೊತೆಯಾಗತ್ತೆ."

ಪರೀಕ್ಷೆಯ ದಿನವನ್ನು ಎರಡು ತಿಂಗಳು ಮೊದಲೇ ಗೊತ್ತುಮಾಡಿದ್ದರು. ಅದರ ಹಿಂದಿನ ದಿನವೇ ಅಣ್ಣನ ಅಂತ್ಯಕ್ರಿಯೆಯಾಯಿತು.

ನಾನು ಬಂದೆ. ಕಪ್ಪು ಬಟ್ಟೆ ಹಾಕಿಕೊಂಡಿದ್ದೆ. ಹೊರಬಾಗಿಲ ಆಚೆ, ಗಾಳಿ ಬರುವ ಕಡೆಗೆ ಮುಖ ಮಾಡಿ, ಮೂಗಿಗೆ ಮಾಸ್ಕು ಕಟ್ಟಿ ನಿಂತೆ. ಒಬ್ಬೊಬ್ಬರೂ ಒಳಗೆ ಹೋಗಿ, ಧೂಪದ ಪುಡಿಯನ್ನು ಚಿಟಿಕೆಯಲ್ಲಿ ಹಣೆಗೆತ್ತಿ ಕೆಂಡಕ್ಕೆ ಹಾಕಿ ಬರುವುದು ಕಾಣುತ್ತಿತ್ತು. ಕೊನೆಗೆ ಸಾಲು ಮುಗಿಯಿತು. ನೀವು ಚಪ್ಪಲಿ ಇಲ್ಲದೆ ಅಂಗಳಕ್ಕೆ ಇಳಿದು ಬಂದಿರಿ.

"ಬಾ ಚಿಗುಸ, ನಿನ್ನೊಬ್ಬಳದೇ ಬಾಕಿ."

"ಆಗಲ್ಲ ಅತ್ತಿಗೆ. ನಾಳೆ ಪರೀಕ್ಷೆ ಇದೆ. ಮೂಗು..."

ನೀವು ಸಿಟ್ಟಾಗಿರಲಿಲ್ಲ. "ನಿನ್ನ ಮೂಗು ನಾಳೆಗೆ ಬೇಕು ಅಂತೀಯ. ಅವರಿಗೆ ಇವತ್ತು ಬೇಕಿತ್ತು," ಎಂದಿರಿ. ಆಮೇಲೆ ಒಳಗೆ ಹೋಗಿ ಬಂದವರಿಗೆ ಚಹಾ ಕೊಟ್ಟಿರಿ. ನನಗೂ ಒಂದು ಬಟ್ಟಲು ಹೊರಗೆ ಕಳಿಸಿದಿರಿ.

ಅಲ್ಲಿದ್ದವರೆಲ್ಲ ನಾನು ನೌಕರಿಗಾಗಿ ಹಾಗೆ ಮಾಡಿದೆ ಎಂದುಕೊಂಡರು. ನೀವೂ ಹಾಗೆಯೇ ಅಂದುಕೊಂಡಿರಬಹುದು. ನಾನು ಮಾಡಿದ್ದು ಅವನ ಕಾಯಿಯನ್ನು ಗುರುತಿಸಲೆಂದು. ಅವನು ಕಿತ್ತ ಕೊನೆಯ ಕಾಯಿ ಮರುದಿನ ನನ್ನ ಮುಂದೆ ಬರುವುದಿತ್ತು. ಅದನ್ನು ತೋರಿಸಿಬಿಟ್ಟರೆ, ಅವನ ಕಡೆಗೆ ನಾನು ಮಾಡಬೇಕಾದದ್ದು ಅದೇ, ಧೂಪಕ್ಕಿಂತ ಅದು ದೊಡ್ಡದು ಎಂದು ಲೆಕ್ಕ ಹಾಕಿದ್ದೆ. ಇದನ್ನು ಅಂಗಳದಲ್ಲಿ ನಿಂತು ಹೇಳಲು ಬಾಯಿ ಬರಲಿಲ್ಲ.

ಮರುದಿನ ಬೆಳಿಗ್ಗೆ ಚೀಟಿಗೆ ಸಹಿ ಹಾಕಿ ಗೂಡಿನಲ್ಲಿ ಕುಳಿತೆ. ಮೂರು ಬಟ್ಟಲು ಬಂದವು. ಉಗುರುಬೆಚ್ಚಗಿನ ನೀರಿನಲ್ಲಿ ಬೆರೆಸಿದ್ದರು. ಮೊದಲನೆಯದನ್ನು ಮೂಸಿ ನಾಲಿಗೆಯ ಮೇಲಿಟ್ಟೆ. ನಾಲಿಗೆ ಜುಮ್ಮೆಂದಿತು. ಎರಡನೆಯದು, ಮೂರನೆಯದು. ನಿಂಬೆ, ಹುಲ್ಲು, ಗುಲಾಬಿ, ಎಲ್ಲ ಇದ್ದವು, ಇರಬೇಕಾದ ಪ್ರಮಾಣದಲ್ಲೇ ಇದ್ದವು. ಬೇಕಾದರೆ ಆ ವಸ್ತುಗಳ ಪಟ್ಟಿಯನ್ನೇ ಬರೆದುಕೊಡುತ್ತಿದ್ದೆ. ಮೂರರಲ್ಲಿ ಯಾವುದೂ ಅಣ್ಣನದಾಗಿರಲಿಲ್ಲ. ಅಥವಾ ಮೂರೂ ಆಗಿದ್ದವು. ಬಾಯಿ ತೊಳೆದು ಇನ್ನೊಮ್ಮೆ ನೋಡಿದೆ. ನಿಯಮದಂತೆ ಮೂರನೇ ಸಲ ನೋಡುವಂತಿರಲಿಲ್ಲ. ನಡುವಿನ ಅಂಕಿಯನ್ನು ಬರೆದೆ. ತಪ್ಪಾಗಿತ್ತು.

ಉಳಿದವರಲ್ಲೂ ಬಹಳ ಜನ ತಪ್ಪಿದ್ದರು, ಸುಮ್ಮನೆ ಊಹಿಸಿದರೆ ತಪ್ಪುವಷ್ಟೇ ಜನ. ನಮ್ಮ ನಿರ್ದೇಶಕ ಹಯಾಮಿಯವರು ಫಲಿತಾಂಶ ಓದಿ, "ಆ ತೋಟದಲ್ಲೇ ಹುಟ್ಟಿದವಳಿಗೂ ಗೊತ್ತಾಗ್ಲಿಲ್ಲ ಅಂದ್ಮೇಲೆ ಇನ್ನೇನ್ರೀ ಬೇಕು!" ಎಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಎದ್ದು ಬಾಗಿ ವಂದಿಸಿದೆ. ವರದಿಯಲ್ಲಿ ಆ ಮಾತೇ ಮೊದಲ ವಾಕ್ಯವಾಯಿತು. ಒಂದು ವರ್ಷ ಕಳೆದು ಬಾಟಲಿ ಮಾರುಕಟ್ಟೆಗೆ ಬಂತು. ಅದರ ಮುಂದಿನ ಮೇ ತಿಂಗಳಲ್ಲಿ ಲಾರಿ ನಿಂತಿತು. ತಿಳಿಸಬೇಕಾದ ವಿಷಯ ಇದೇ. ಮೇಲಿನವರು ತೀರ್ಮಾನ ಮಾಡಿದ್ದು ನನ್ನ ನಾಲಿಗೆಯನ್ನು ನೋಡಿ.

ಬಾಟಲಿ ನಿಜಕ್ಕೂ ಅಷ್ಟು ಚೆನ್ನಾಗಿತ್ತೋ, ಆ ದಿನ ನನಗೆ ಏನೂ ತಿಳಿಯದಂತಾಗಿತ್ತೋ, ನನಗೆ ಗೊತ್ತಿಲ್ಲ. ಎರಡು ವರ್ಷ ಇದನ್ನು ಯೋಚಿಸಿದ್ದೇನೆ. ಯೋಚಿಸಿದ್ದೇನೆ ಎನ್ನುವುದೂ ಸರಿಯಲ್ಲ. ಬೆಳಿಗ್ಗೆ ಏಳುತ್ತೇನೆ, ರೈಲು ಹತ್ತುತ್ತೇನೆ, ಕೆಲಸ ಮಾಡುತ್ತೇನೆ. ಮೂಗು ಕೆಟ್ಟಿಲ್ಲ. ಪ್ರತಿ ತಿಂಗಳ ತಪಾಸಣೆಯಲ್ಲಿ ಪೂರ್ತಿ ಅಂಕ ಬರುತ್ತದೆ. ಗಾಜಿನ ಆಚೆ ನಡೆಯುವುದನ್ನು ಕಂಡಂತೆ ಎಲ್ಲ ವಾಸನೆಗಳೂ ಸ್ಪಷ್ಟವಾಗಿ ತಿಳಿಯುತ್ತವೆ, ಯಾವುದೂ ಹತ್ತಿರ ಬರುವುದಿಲ್ಲ. ಅಳು ಬಂದಿದ್ದರೆ ನಿಮಗೆ ಆಗಲೇ ಬರೆಯುತ್ತಿದ್ದೆನೇನೋ. ಬರಲಿಲ್ಲ.

ನಿಮ್ಮ ಕಾರ್ಡು ಬಂದ ಮರುದಿನ, ಮಂಗಳವಾರ, ಬೆಳಿಗ್ಗೆ ಅನ್ನಕ್ಕಿಟ್ಟು, ಅಂಗಡಿಯಿಂದ ತಂದಿದ್ದ ಊದುಬತ್ತಿಯ ಕಟ್ಟು ಬಿಚ್ಚಿದೆ. ಮನೆಯಲ್ಲಿ ಅಣ್ಣನ ಫೋಟೋ ಇಲ್ಲ. ಅವನು ಕೈಬರಹದಲ್ಲಿ ತೋಟದ ಹೆಸರು ಬರೆದು ಪೊಟ್ಟಣಕ್ಕೆ ಕಟ್ಟಿದ್ದ ಚೀಟಿಯೊಂದಿತ್ತು. ಅದನ್ನು ಲೋಟಕ್ಕೆ ಒರಗಿಸಿಟ್ಟು ಒಂದು ಕಡ್ಡಿ ಹಚ್ಚಿದೆ. ಪೂರ್ತಿ ಉರಿಯುವವರೆಗೂ ಕುಳಿತಿದ್ದೆ. ಏನೂ ಆಗಲಿಲ್ಲ. ಆದರೆ ಏಳಬೇಕು ಅನ್ನಿಸಲಿಲ್ಲ. ಕೂದಲಿಗೆ ಬಟ್ಟೆ ಕಟ್ಟಿಕೊಂಡಿರಲಿಲ್ಲ.

ಆ ದಿನ ನನಗೆ ಪರೀಕ್ಷೆಯಿತ್ತು. ಚೀಟಿಯಲ್ಲಿ ಊದುಬತ್ತಿ ಎಂಬಲ್ಲಿ "ಹೌದು, ಒಂದು ಕಡ್ಡಿ" ಎಂದು ಬರೆದು ಸಹಿ ಹಾಕಿದೆ. ಉಚಿಯಾಮ ಅದನ್ನು ಕನ್ನಡಕ ಮೇಲೇರಿಸಿ ಓದಿದರು.

"ಇದೇನಮ್ಮ, ಮೂವತ್ತೊಂದು ವರ್ಷದಲ್ಲಿ ಇದೇ ಮೊದ್ಲು! ಯಾರು ಹೋದ್ರು?"

"ಅಣ್ಣ."

"ಅಯ್ಯೋ. ಯಾವಾಗ?"

"ಎರಡು ವರ್ಷ ಆಯ್ತು."

ಅವರು ನನ್ನ ಹೆಸರಿನ ಮೇಲೆ ಅಡ್ಡಗೆರೆ ಎಳೆದು, "ಇವತ್ತು ಮನೆಗೆ ಹೋಗಿ. ಕೂದ್ಲು ತೊಳ್ಕೋಬೇಡಿ," ಎಂದರು.

ಅತ್ತಿಗೆ, ಅಣ್ಣನ ಕಾಯಿಯ ಒಂದು ಪೊಟ್ಟಣ ಇನ್ನೂ ಉಳಿದಿದೆ. ಅಪ್ಪಣೆ ಪಡೆದು ಅದನ್ನು ತಣ್ಣನೆಯ ಪೆಟ್ಟಿಗೆಯಲ್ಲಿ ತರುತ್ತೇನೆ. ಬಾಟಲಿಯನ್ನೂ ತರುತ್ತೇನೆ. ನೀವು ಒಪ್ಪಿದರೆ ಮೂರು ಬಟ್ಟಲು ನಿಮ್ಮ ಮುಂದೆ ಇಡುತ್ತೇನೆ. ನನಗೆ ತಿಳಿದವರಲ್ಲಿ ನಿಮ್ಮಷ್ಟು ಒಳ್ಳೆಯ ಮೂಗು ಯಾರಿಗೂ ಇಲ್ಲ. ನಿಮಗೆ ವ್ಯತ್ಯಾಸ ತಿಳಿದರೆ, ಆ ದಿನದ ನನ್ನ ಉತ್ತರವನ್ನು ಲೆಕ್ಕಕ್ಕೆ ಹಿಡಿಯಬಾರದಿತ್ತು, ಪರೀಕ್ಷೆಯನ್ನು ಮತ್ತೆ ಮಾಡಿ ಎಂದು ನನ್ನ ಹೆಸರಿನಲ್ಲೇ ಬರೆದು ಕೊಡುತ್ತೇನೆ. ಮಾರ್ಚಿನಲ್ಲಿ ನನಗೆ ನಿವೃತ್ತಿ, ಅದರೊಳಗೆ ಕೊಡುತ್ತೇನೆ. ಲಾರಿ ಮತ್ತೆ ಬರುತ್ತದೆ ಎಂದು ಮಾತ್ರ ಹೇಳಲಾರೆ.

ಪರೀಕ್ಷೆ ಮಾಡುವವಳಾಗಿ ಹೇಳುವುದಾದರೆ, ಬಟ್ಟಲುಗಳನ್ನು ಪೂಜೆಗೆ ಮೊದಲೇ ನೋಡಬೇಕು. ಹೊಗೆ ತುಂಬಿದ ಮನೆಯಲ್ಲಿ ಯಾರ ಮೂಗೂ ಕೆಲಸ ಮಾಡುವುದಿಲ್ಲ. ಆದರೆ ಮೊದಲು ಧೂಪ. ನೀವು ಒಳಗೆ ಬಾ ಎಂದರೆ ನಾನು ಸಾಲಿನಲ್ಲಿ ಎಲ್ಲರಿಗಿಂತ ಮುಂಚೆ ಕೂರುತ್ತೇನೆ. ಬಟ್ಟಲು ಆಮೇಲೆ. ಆಗ ನಿಮಗೂ ಏನೂ ತಿಳಿಯದೆ ಹೋದರೆ ಮೂರನ್ನೂ ಬಾವಿಯ ಪಕ್ಕದ ಮರದ ಬುಡಕ್ಕೆ ಸುರಿದುಬಿಡೋಣ.

ಹತ್ತೂವರೆಯ ಬಸ್ಸಿನಲ್ಲಿ ಬಂದಿಳಿಯುತ್ತೇನೆ. ಹೊರಬಾಗಿಲ ಆಚೆ, ಹಿಂದೆ ನಿಂತಿದ್ದ ಜಾಗದಲ್ಲೇ ನಿಂತಿರುತ್ತೇನೆ. ಈ ಸಲ ಮಾಸ್ಕು ಇರುವುದಿಲ್ಲ.

ಚಳಿ ಶುರುವಾಗಿದೆ, ಮೊಣಕಾಲಿಗೆ ಬೆಚ್ಚಗೆ ಸುತ್ತಿಕೊಳ್ಳಿ. ಮರಗಳ ಬೇರಿಗೆ ನೀರು ನಿಲ್ಲದಿರಲಿ. ಬರುವ ಮೇ ತಿಂಗಳಲ್ಲಿ ಕಾಯಿ ಯಾರು ಒಯ್ದರೂ ಒಯ್ಯದಿದ್ದರೂ, ಕೀಳುವಾಗ ನೀವು ಹಾಡುವಂತಾಗಲಿ.

ನಿಮ್ಮ ನಾದಿನಿ,
ಚಿಗುಸ