ಬರೀ ಉಳುಕು

ಪುಟ್ಟಾ,

ಎಂಟು ವರ್ಷದಿಂದ ನನ್ನದೇ ಪ್ರಯೋಗಾಲಯದ ಕಪಾಟಿನಲ್ಲಿದ್ದ, ಗುರುತು ಸಿಗದ ಮೂಳೆಗಳ ಪೆಟ್ಟಿಗೆಯನ್ನು ಇವತ್ತು ತೆರೆದೆ. ಎತ್ತರ ನಿನ್ನದು, ಓರೆ ಹಲ್ಲು ನಿನ್ನದು. ಎಡ ಮುಂಗೈಯಲ್ಲಿ ಚಿಕ್ಕಂದಿನಲ್ಲೇ ಮುರಿದು ಕೂಡಿಕೊಂಡ ಗಂಟು.

"ಆ ಮುರಿತ ನೋಡಿಯೇ ಇವರಲ್ಲ ಅಂತ ಪಕ್ಕಕ್ಕಿಟ್ಟಿದ್ದು ಮೇಡಂ. ಮನೆಯವರ ಅರ್ಜೀಲಿ ಮೂಳೆ ಮುರಿದೇ ಇಲ್ಲ ಅಂತಿದೆ. ಯಾವ ಪುಣ್ಯಾತ್ಮರು ಬರೆದ್ರೋ!" ಗುಮಾಸ್ತರು ರೇಗಿದರು.

ಆ ಪುಣ್ಯಾತ್ಗಿತ್ತಿ ನಾನೇ ಕಣೋ, ನಿನ್ನ ಅಕ್ಕ. ನೀನು ಕಾಣೆಯಾದೆಯೆಂದು ಅರ್ಜಿ ತುಂಬುವಾಗ ಅಪ್ಪ ಪಕ್ಕದಲ್ಲೇ ಕೂತಿದ್ದರು; ಮುರಿದಿತ್ತು ಎಂದು ಬರೆಯಲಾಗಲಿಲ್ಲ. ಚಿಕ್ಕಂದಿನಲ್ಲಿ ನಾನು ನಿನ್ನನ್ನು ಗೋಡೆ ಮೇಲಿಂದ ತಳ್ಳಿದ ದಿನ, "ಅವನೇ ಬಿದ್ದ, ಬರೀ ಉಳುಕು" ಎಂದಿದ್ದೆನಲ್ಲ, ಅದನ್ನವರು ಕೊನೆವರೆಗೂ ನಂಬಿದ್ದರು. ನೀನೂ ಬಾಯಿ ಬಿಡಲಿಲ್ಲ. ಅದಕ್ಕೇ ನಿನ್ನ ಮೇಲೂ ಸಿಟ್ಟು.

ವರದಿಯಲ್ಲಿ ಮುರಿತಕ್ಕೆ ಕಾರಣ ಕೇಳಿದ್ದಾರೆ. 'ಬಿದ್ದದ್ದು' ಎಂದು ಬರೆದು ಹೊಡೆದುಹಾಕಿದೆ. ಅಪ್ಪ ಈಗ ಇಲ್ಲ. ಆದರೂ ಕೈ ಮತ್ತೆ ಅದನ್ನೇ ಬರೆಯಿತು.